ಟೈಪ್ ಕೈಯಿಂದ ಬರೆಯೋದು ಬಿಡ್ರಿ, ತೊಗರಿಬ್ಯಾಳಿ ಸಾಕ್ಷಿ ಅದ

ಭಾಗ 1/10

ಫೋಟೋದಾಗ ಇರೋದು ಒಂದು ಬಿಲ್. ಅಂಗಡಿ ಹೆಸರು, ಗಿರಾಕಿ ಹೆಸರು ಮುಚ್ಚೀನಿ. ಮೂರನೇ ಸಾಲು ನೋಡ್ರಿ. ತೊಗರಿಬ್ಯಾಳಿ ಪ್ಯಾಕೆಟ್, ಅದರ ಬಾಜೂಕ ‘ಸೇವೆ’ ಅಂತ ಅಚ್ಚಾಗ್ಯಾದ. ಅಕ್ಕಿನೂ ಸೇವೆ, ಅರಿಶಿಣನೂ ಸೇವೆ, ಚಹಾಪುಡಿನೂ ಸೇವೆ.

ಈ ಬಿಲ್ ಮಾಡೋ ಪೇಜ್ ಬರೆದಾಕಿ ನಾನೇ. ಹೋದ ಸೆಮಿಸ್ಟರ್‌ನಾಗ ನಮ್ಮ ಓಣಿ ಕಾಕಾ ಒಬ್ಬರಿಗೆ ಮಾಡಿಕೊಟ್ಟಿದ್ದೆ. ಅವರು ಬ್ಯಾಳಿ, ಅಕ್ಕಿ, ಮಸಾಲಿ ಪ್ಯಾಕೆಟ್ ಸುತ್ತಲಿನ ಹಳ್ಳಿ ಅಂಗಡಿಗಳಿಗೆ ಹಾಕ್ತಾರ. ಮೊದಲನೇ ಬಿಲ್ ಕೈಯಾಗ ಹಿಡಕೊಂಡು ಕಾಕಾ ಕನ್ನಡಕ ಮ್ಯಾಲೇರಿಸಿ ಕೇಳಿದ್ರು: “ಏನವ್ವಾ, ತೊಗರಿಬ್ಯಾಳಿ ಸೇವಾ ಯಾವಾಗ ಆತು? ನಾ ಏನ್ ದಾಸೋಹ ನಡಸಾಕತ್ತೀನೇನು?”

ಅಂಗಡ್ಯಾಗ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತಿಂಗಳ ಕೊನೀಗೆ ಮಾತ್ರ ನಗು ಬರಲಿಲ್ಲ, ಅದು ಮುಂದಿನ ಭಾಗದಾಗ ಹೇಳ್ತೀನಿ.

ಕ್ಯಾಪ್ಶನ್‌ಗೆ 2,200 ಅಕ್ಷರ ಮಿತಿ ಇರೋದಕ್ಕ ಇದನ್ನ ಹತ್ತು ಭಾಗ ಮಾಡೀನಿ. ಹೇಳೋದು ಒಂದೇ ಮಾತು, ಈಗಲೇ ಹೇಳಿಬಿಡ್ತೀನಿ. ವೆಬ್ ಪೇಜ್ ಬರೆಯೋರು ಸರ್ವರ್‌ನಿಂದ ಬರೋ ಡೇಟಾದ ಟೈಪ್‌ಗಳನ್ನ ಕೈಯಿಂದ ಬರೆಯೋದು ತಪ್ಪು. ಸಣ್ಣ ತಪ್ಪಲ್ಲ, ರೂಢಿಯಾಗಿ ಹೋದ ತಪ್ಪು. ಎಪಿಐ ಸ್ಪೆಸಿಫಿಕೇಶನ್ ಅಂತ ಒಂದು ಫೈಲ್ ಇರ್ತದ. ಟೈಪ್‌ಗಳು ಆ ಫೈಲ್‌ನಿಂದ ತಾನಾಗಿ ಹುಟ್ಟಬೇಕು. ಇದು ಬರೇ ಇಂಜಿನಿಯರಿಂಗ್ ಹುಡುಗರ ಮಾತು ಅಂತ ಸ್ಕ್ರೋಲ್ ಮಾಡಬ್ಯಾಡ್ರಿ. ಬಿಕಾಂನವರು ಇದನ್ನ ಅವರಿಗಿಂತ ಜಲ್ದಿ ತಿಳಕೊಳ್ತೀವಿ. ಯಾಕಂತ 7ನೇ ಭಾಗದಾಗ ಅದ.

ಭಾಗ 2/10

ಈಗ ನಗು ಬಾರದ ಸುದ್ದಿ.

ಎಚ್‌ಎಸ್‌ಎನ್ ಕೋಡ್ ನಿಮಗ ಗೊತ್ತು, ಜಿಎಸ್‌ಟಿ ಪೇಪರ್‌ನಾಗ ಓದೀವಿ. ವರ್ಷದ ವಹಿವಾಟು 5 ಕೋಟಿ ತನಕ ಇದ್ರ, ಜಿಎಸ್‌ಟಿ ನೋಂದಣಿ ಇರೋ ಗಿರಾಕಿಗೆ ಕೊಡೋ ಬಿಲ್ ಮ್ಯಾಲ 4 ಅಂಕಿ ಹಾಕಬೇಕು. ಅದಕ್ಕೂ ಮ್ಯಾಲಾದ್ರ 6 ಅಂಕಿ. 2021ರ ಏಪ್ರಿಲ್ 1ರಿಂದ ಈ ನಿಯಮ ಅದ.

ಅಕ್ಕಿ 1006. ಜೋಳ 1007. ತೊಗರಿ ಮತ್ತ ಉಳಿದ ಬ್ಯಾಳಿಕಾಳು 0713. ಚಹಾ 0902. ಒಣಮೆಣಸಿನಕಾಯಿ 0904. ಅರಿಶಿಣ 0910.

ನಾ ಪೇಜ್ ಬರೆಯೋವಾಗ ಮುಂದಿಟ್ಟುಕೊಂಡಿದ್ದು ಒಂದೇ ಮಾದರಿ ಬಿಲ್, ಅಕ್ಕಿದು. 1006 ಅಂತ ಇತ್ತು. ಕಣ್ಣಿಗೆ ಸಂಖ್ಯೆ ಕಂಡಿತು, ‘ನಂಬರ್’ ಅಂತ ಟೈಪ್ ಬರೆದೆ. ಸಂಖ್ಯೆಗೆ ಮುಂದಿನ ಸೊನ್ನೆ ಅಂದ್ರ ಏನೂ ಅಲ್ಲ. 0713 ಅನ್ನೋದು 713 ಆತು. ಚಹಾ 902, ಮೆಣಸಿನಕಾಯಿ 904, ಅರಿಶಿಣ 910. ಅಕ್ಕಿ, ಜೋಳ ಮಾತ್ರ ಬಚಾವ್.

ತಿಂಗಳ ಕೊನೀಗೆ ರಿಟರ್ನ್ ತುಂಬೋ ಸಲಹೆಗಾರರು ಕಾಕಾಗ ಫೋನ್ ಹಚ್ಚಿ ಕೇಳಿದ್ರು, 713 ಅಂದ್ರ ಯಾವ ಮಾಲು ಅಂತ. 46 ಬಿಲ್‌ಗಳು. ಎರಡು ರಾತ್ರಿ ಕೂತು ಒಂದೊಂದಾಗಿ ತಿದ್ದಿದೆ, ನಡುವ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಾಗ. ಕಾಕಾ ಬೈಯಲಿಲ್ಲ. “ಹಳೇ ಬಿಲ್‌ಬುಕ್ ಇನ್ನಾ ಅದಾವ, ಬ್ಯಾಡಾದ್ರ ಬಿಡವ್ವಾ” ಅಂದ್ರು. ಬೈದಿದ್ರೆ ಚಲೋ ಇತ್ತು.

ಇದು ನನ್ನೊಬ್ಬಳ ದಡ್ಡತನ ಅಂತೀರಾ? ಸೆಪ್ಟ್2, ಮಾರ್ಚ್1 ಅಂತ ಮನುಷ್ಯರ ಜೀನ್‌ಗಳ ಹೆಸರಿದ್ದವು. ಎಕ್ಸೆಲ್ ಅವನ್ನ ತಾರೀಖು ಅಂತ ತಿಳಕೊಂಡು ಬದಲು ಮಾಡ್ತಿತ್ತು. ಕೊನೀಗೆ 2020ರಲ್ಲಿ ಹೆಸರಿಡೋ ಸಮಿತಿ ಸೋತು ಜೀನ್‌ಗಳ ಹೆಸರನ್ನೇ ಬದಲಿಸ್ತು. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದೇ ಹಣೆಬರಹ. ನೋಡಲಿಕ್ಕ ಹೆಂಗ ಕಾಣ್ತದೋ ಹಂಗ ಟೈಪ್ ಹಚ್ಚಿದ್ರ ಹಿಂಗೇ ಆಗ್ತದ.

ಭಾಗ 3/10

ಎಪಿಐ, ಸ್ಪೆಕ್, ಟೈಪ್ ಅಂದ್ರ ತಲಿ ಮ್ಯಾಲ ಹೋಗ್ತದ ಅನ್ನೋರಿಗೆ ಈ ಭಾಗ. ಗೊತ್ತಿದ್ದವರು 4ಕ್ಕ ಹೋಗ್ರಿ.

ಆಡತಿ ಅಂಗಡಿಗೆ ರೈತ ತೊಗರಿ ತರ್ತಾನ. ತೂಕ ಆಗ್ತದ, ಪಟ್ಟಿ ಬರೀತಾರ. ಪಟ್ಟಿ ಪುಸ್ತಕದಾಗ ಖಾನೆಗಳು ಮೊದಲೇ ಅಚ್ಚಾಗಿರ್ತಾವ: ಹೆಸರು, ಚೀಲ, ತೂಕ, ದರ, ಹಮಾಲಿ, ಒಟ್ಟು. ಯಾರು ಬರೆದ್ರೂ ಅವೇ ಖಾನೆ. ತೂಕದ ಖಾನೆದಾಗ ಊರ ಹೆಸರು ಬರೆಯಂಗಿಲ್ಲ.

ಸರ್ವರ್ ಮತ್ತ ವೆಬ್ ಪೇಜ್ ನಡುವ ಹಿಂಗೇ ಪಟ್ಟಿ ಹೋಗಿ ಬರ್ತಾವ. ಹೋಗಿ ಬರೋ ದಾರಿಗೆ ಎಪಿಐ ಅಂತಾರ. ಆ ಪಟ್ಟಿದಾಗ ಯಾವ ಖಾನೆ ಇರ್ತಾವ, ಯಾವುದು ಕಡ್ಡಾಯ, ಯಾವುದು ಖಾಲಿ ಬಿಡಬಹುದು, ಯಾವುದು ಸಂಖ್ಯೆ, ಯಾವುದು ಅಕ್ಷರ ಅಂತ ಬರೆದಿಟ್ಟ ಫೈಲ್ ಅಂದ್ರ ಸ್ಪೆಕ್. ಮನುಷ್ಯರೂ ಓದಬಹುದು, ಕಂಪ್ಯೂಟರೂ ಓದ್ತದ.

ಇಂಥ ಸ್ಪೆಕ್ ಬರೆಯೋ ಹೆಸರಾದ ಪದ್ಧತಿ ಓಪನ್‌ಎಪಿಐ. ಮೊದಲ ಅದರ ಹೆಸರು ಸ್ವ್ಯಾಗರ್. 2015ರಲ್ಲಿ ಅದು ಲಿನಕ್ಸ್ ಫೌಂಡೇಶನ್ ಅಡಿಗೆ ಬಂತು. ಅದರ 3.0 ಆವೃತ್ತಿ ಬಂದಿದ್ದು 2017ರ ಜುಲೈದಾಗ, ನಮ್ಮ ದೇಶದಾಗ ಜಿಎಸ್‌ಟಿ ಬಂದ ತಿಂಗಳೇ.

ಇನ್ನ ಟೈಪ್ ಅಂದ್ರ, ಪೇಜ್ ಬರೆಯೋ ಕೋಡ್‌ಗೆ ನಾವು ಕೊಡೋ ತಿಳುವಳಿಕಿ: ಈ ಖಾನೆ ಸಂಖ್ಯೆ, ಈ ಖಾನೆ ಅಕ್ಷರ. ಅದಕ್ಕ ಬಳಸೋದು ಟೈಪ್‌ಸ್ಕ್ರಿಪ್ಟ್, ಮೈಕ್ರೋಸಾಫ್ಟ್ 2012ರಲ್ಲಿ ತಂದ ಭಾಷೆ. ತಪ್ಪು ಖಾನೆದಾಗ ತಪ್ಪು ಮಾಲು ಹಾಕಿದ್ರ ಬರೆಯೋವಾಗಲೇ ಕೆಂಪು ಗೆರಿ ಬೀಳ್ತದ.

ಈಗ ಯೋಚನೆ ಮಾಡ್ರಿ. ಖಾನೆಗಳ ವಿವರ ಸ್ಪೆಕ್‌ನಾಗ ಒಮ್ಮೆ ಬರೆದದ. ಅದನ್ನೇ ನೋಡಿ ನೋಡಿ ನಾ ಮತ್ತೊಮ್ಮೆ ಕೈಯಿಂದ ಟೈಪ್ ಫೈಲ್‌ನಾಗ ಬರದ್ರ, ಒಂದೇ ಮಾತು ಎರಡು ಕಡೆ ಆತು. ಎರಡು ಕಡೆ ಇದ್ದದ್ದು ಒಂದು ದಿನ ಬ್ಯಾರೆ ಬ್ಯಾರೆ ಆಗೇ ಆಗ್ತದ.

ಭಾಗ 4/10

“ನೋಡಿದ್ರ ಗೊತ್ತಾಗಲ್ಲೇನು, ಯಾವುದು ನಂಬರ್ ಯಾವುದು ಅಕ್ಷರ ಅಂತ?” ಅಂತ ಕೇಳಿದ್ರು ಒಬ್ಬರು. ಬರ್ರಿ, ಪರೀಕ್ಷೆ ಮಾಡೋಣ.

ಇ-ಇನ್‌ವಾಯ್ಸ್ ನಿಮಗ ಗೊತ್ತು. 2020ರ ಅಕ್ಟೋಬರ್ 1ರಂದು 500 ಕೋಟಿಗೆ ಮ್ಯಾಲ ವಹಿವಾಟು ಇದ್ದವರಿಗೆ ಶುರುವಾತು. ಮಿತಿ 100, 50, 20, 10 ಅಂತ ಇಳಕೊಂಡು ಬಂತು. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೆಲ್ಲ ಕಡ್ಡಾಯ. ಬಿಲ್‌ನ ವಿವರ ಜೇಸನ್ ರೂಪದಾಗ ಸರ್ಕಾರದ ಪೋರ್ಟಲ್‌ಗೆ ಹೋಗಬೇಕು, ಅಲ್ಲಿಂದ 64 ಅಕ್ಷರದ ಐಆರ್‌ಎನ್ ಬರಬೇಕು. ಅದರ ಸ್ಕೀಮಾ ಎನ್‌ಐಸಿಯ ಸ್ಯಾಂಡ್‌ಬಾಕ್ಸ್ ತಾಣದಾಗ ಯಾರು ಬೇಕಾದ್ರೂ ನೋಡಬಹುದು. ನೋಡ್ರಿ ಅಲ್ಲಿ:

ಪಿನ್‌ಕೋಡ್: ಸಂಖ್ಯೆ.
ಫೋನ್ ನಂಬರ್: ಅಕ್ಷರ.
ರಾಜ್ಯದ ಕೋಡ್: ಅಕ್ಷರ.
ಎಚ್‌ಎಸ್‌ಎನ್: ಅಕ್ಷರ.
ಬಿಲ್‌ನಾಗಿನ ಸಾಲಿನ ಕ್ರಮಸಂಖ್ಯೆ: ಹೆಸರಿಗೆ ಸಂಖ್ಯೆ, ಆದ್ರ ಅಕ್ಷರ.
ತೆರಿಗೆ ದರ: ಸಂಖ್ಯೆ.
ತಾರೀಖು: ದಿನ, ತಿಂಗಳು, ವರ್ಷ ಕ್ರಮದ ಅಕ್ಷರ.
ಇದು ಸೇವೆಯೋ ಅಲ್ಲವೋ: ನಿಜ-ಸುಳ್ಳು ಅಲ್ಲ, ‘ವೈ’ ಇಲ್ಲಾ ‘ಎನ್’ ಅನ್ನೋ ಅಕ್ಷರ.

ಎಷ್ಟು ಸರಿ ಹೇಳಿದ್ರಿ? ನಾ ಮೊದಲ ಸಲ ನಾಲ್ಕು ತಪ್ಪಿದ್ದೆ.

ಕೊನೇದು ನನ್ನ ಮೊದಲ ಬಿಲ್‌ನ ಕಥಿ. ಮುಂದ ಇ-ಇನ್‌ವಾಯ್ಸ್ ಬೇಕಾದ್ರ ಇರಲಿ ಅಂತ ನಮ್ಮ ಸ್ಪೆಕ್‌ನಾಗೂ ಅವೇ ಖಾನೆ ಇಟ್ಟಿದ್ವಿ. ನಾ ಅದನ್ನ ನಿಜ-ಸುಳ್ಳು ಅಂತ ಟೈಪ್ ಬರೆದಿದ್ದೆ. ಸರ್ವರ್ ‘ಎನ್’ ಕಳಸ್ತು, ಅಂದ್ರ ಸೇವೆ ಅಲ್ಲ. ಆದ್ರ ಜಾವಾಸ್ಕ್ರಿಪ್ಟ್‌ನಾಗ ಖಾಲಿ ಇಲ್ಲದ ಯಾವ ಅಕ್ಷರ ಇದ್ರೂ ಅದು ‘ನಿಜ’. ‘ಇಲ್ಲ’ ಅಂತ ಬಂದದ್ದೂ ‘ಹೌದು’ ಆತು. ತೊಗರಿಬ್ಯಾಳಿ ಸೇವೆಗೆ ನಿಂತಿತು.

ರಾಜ್ಯದ ಕೋಡ್‌ದೂ ಅದೇ ಕಾಟ. ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27, ಆಂಧ್ರ 37. ನಮ್ಮ ಸುತ್ತಮುತ್ತ ಯಾವುದಕ್ಕೂ ಮುಂದ ಸೊನ್ನೆ ಇಲ್ಲ. ಇಲ್ಲೇ ಕೂತು ಟೆಸ್ಟ್ ಮಾಡಿದ್ರ ಜನ್ಮದಾಗ ತಪ್ಪು ಸಿಗಂಗಿಲ್ಲ. ದಿಲ್ಲಿಗೆ ಒಂದು ಬಿಲ್ ಹೋಗಬೇಕು, ಅದು 07, ಆಗ ಬೀಳ್ತದ.

ಭಾಗ 5/10

ಸರಿ, ದಾರಿ ಏನು?

ಸರ್ವರ್ ಭಾಗ ಬರೆದವನು ಬೆಂಗಳೂರಿನಾಗ ಇರೋ ನಮ್ಮ ದೊಡ್ಡಪ್ಪನ ಮಗ. ಅಣ್ಣ ಮೊದಲೇ ಓಪನ್‌ಎಪಿಐ ಫೈಲ್ ಕಳಿಸಿದ್ದ. ನಾ ಅದನ್ನ ಪಿಡಿಎಫ್ ಓದಿದಂಗ ಓದಿ, ಅರ್ಧ ಓದಿ, ಟೈಪ್ ಬರೆದಿದ್ದೆ. 46 ಬಿಲ್ ಆದ ಮ್ಯಾಲ ಅವಂಗ ಫೋನ್ ಹಚ್ಚಿದೆ. “ನಾ ಫೈಲ್ ಕೊಟ್ಟದ್ದು ಓದ್ಲಿಕ್ಕ ಅಲ್ಲ ತಂಗಿ, ಓಡಸ್ಲಿಕ್ಕ” ಅಂದ.

ಓಪನ್‌ಎಪಿಐ-ಟೈಪ್‌ಸ್ಕ್ರಿಪ್ಟ್ ಅಂತ ಒಂದು ಪುಕ್ಕಟೆ ಸಾಧನ ಅದ. ಕಮಾಂಡ್ ಒಂದೇ ಸಾಲು. ಸ್ಪೆಕ್ ಫೈಲ್ ಎಲ್ಲಿದೆ, ಹುಟ್ಟಿದ ಟೈಪ್ ಎಲ್ಲಿ ಇಡಬೇಕು, ಇಷ್ಟೇ ಹೇಳಬೇಕು. ಕಡ್ಡಾಯ ಖಾನೆ ಕಡ್ಡಾಯ ಆಗೇ ಬರ್ತದ. ಬಿಡಬಹುದಾದ ಖಾನೆಗೆ ಪ್ರಶ್ನಾರ್ಥಕ ಚಿಹ್ನೆ ಬೀಳ್ತದ. ಕೆಜಿ, ಕ್ವಿಂಟಲ್, ಚೀಲ ಇಷ್ಟರಾಗೇ ಒಂದು ಇರಬೇಕು ಅಂತ ಸ್ಪೆಕ್‌ನಾಗ ಪಟ್ಟಿ ಇದ್ರ, ಟೈಪ್‌ನಾಗೂ ಅವು ಮೂರೇ. ನಾಲ್ಕನೇದು ಬರದ್ರ ಕೆಂಪು ಗೆರಿ.

ಓಡಿಸಿದ ಕೂಡಲೆ ನನ್ನ ಪೇಜ್ ತುಂಬ ಕೆಂಪು. ಎಚ್‌ಎಸ್‌ಎನ್ ಸಂಖ್ಯೆ ಮಾಡಿದ ಜಾಗ ಕೆಂಪು. ಸೇವೆ ಖಾನೆಯನ್ನ ನಿಜ-ಸುಳ್ಳಿಗೆ ಹಾಕಿದ ಜಾಗ ಕೆಂಪು. ಒಂದು ತಿಂಗಳು ಯಾರಿಗೂ ಕಾಣದ ತಪ್ಪು ಒಂದು ಕ್ಷಣದಾಗ ಕಣ್ಣಮುಂದ ಬಂದು ನಿಂತವು. ಫೋಟೋ ಅದೇ.

ಆಮ್ಯಾಲ ಒಂದಿನ ಅಣ್ಣ ರಿಯಾಯಿತಿ ಖಾನೆ ಕಡ್ಡಾಯ ಅಲ್ಲ ಅಂತ ಬದಲು ಮಾಡಿದ. ಮೊದಲಿನಂಗ ಇದ್ರ ನನಗ ತಿಳೀತಿದ್ದದ್ದು ಯಾವಾಗ? ಕಾಕಾನ ಬಿಲ್ ಮ್ಯಾಲ ಒಟ್ಟು ಮೊತ್ತದ ಜಾಗದಾಗ ಅರ್ಥ ಇಲ್ಲದ ಅಕ್ಷರ ಬಂದಾಗ. ಈ ಸಲ ಕಮಾಂಡ್ ಓಡಿಸಿದೆ, ಏಳು ಜಾಗ ಕೆಂಪಾತು, ಇಪ್ಪತ್ತು ನಿಮಿಷದಾಗ ಸರಿ ಮಾಡಿದೆ. ಕಾಕಾಗ ಗೊತ್ತೇ ಆಗಲಿಲ್ಲ. ಕೆಲಸ ಅಂದ್ರ ಹಿಂಗಿರಬೇಕು.

ಭಾಗ 6/10

ಈಗ ಜಗಳಕ್ಕ ಬರೋಣ. ನಾ ಹಿಂಗ ಹೇಳಿದ್ದಕ್ಕ ಬಂದ ಮೊದಲ ಉತ್ತರ: “ಎಐಗೆ ಒಂದು ಸ್ಯಾಂಪಲ್ ಕೊಟ್ರ ಟೈಪ್ ಬರೆದು ಕೊಡ್ತದ, ಇದೆಲ್ಲಾ ಯಾಕ?”

ಕೊಡ್ತದ. ನಾನೂ ಕೊಟ್ಟು ನೋಡೀನಿ. ಅಕ್ಕಿ ಸಾಲನ್ನ ಉಲ್ಲೇಖ ಚಿಹ್ನೆ ಇಲ್ಲದ 1006 ಅಂತ ಕೊಟ್ಟೆ. ಅದೂ ‘ನಂಬರ್’ ಅಂತ್ಹೇಳಿ ಬರೆದುಕೊಟ್ಟಿತು, ಅಗದೀ ಧೈರ್ಯದಿಂದ. ನನ್ನ ಹಳೇ ತಪ್ಪನ್ನೇ ಮೂರು ಸೆಕೆಂಡಿನಾಗ ಮಾಡಿ ತೋರಿಸ್ತು.

ತಪ್ಪು ಎಐದಲ್ಲ, ನಮ್ಮ ಪ್ರಶ್ನೆದು. ಒಂದು ಮಾದರಿ ಇವತ್ತು ಏನು ಬಂತು ಅಂತ ಹೇಳ್ತದ, ಏನೇನು ಬರಬಹುದು ಅಂತ ಹೇಳಂಗಿಲ್ಲ. ಒಂದು ಬಿಲ್‌ನಾಗ ರಿಯಾಯಿತಿ ಇದ್ರ, ಎಲ್ಲಾ ಬಿಲ್‌ನಾಗೂ ಇರ್ತದ ಅಂತ ಹೆಂಗ ತಿಳೀಬೇಕು? ಒಬ್ಬ ಗಿರಾಕಿಗೆ ಜಿಎಸ್‌ಟಿ ನಂಬರ್ ಇದ್ರ, ಹಳ್ಳಿ ಗಿರಾಕಿಗೂ ಇರ್ತದೇನು? ಆಡಿಟಿಂಗ್‌ನಾಗ ಸ್ಯಾಂಪಲ್ ತಗೊಂಡು ಪರೀಕ್ಷೆ ಮಾಡೋದು ಓದೀವಿ. ಒಂದೇ ಒಂದು ವೋಚರ್ ನೋಡಿ ವರ್ಷದ ಲೆಕ್ಕ ಸರಿ ಅದ ಅಂತ ಸಹಿ ಹಾಕೋ ಆಡಿಟರ್‌ಗೆ ಏನಂತೀರಿ? ಸ್ಯಾಂಪಲ್ ನೋಡಿ ಟೈಪ್ ಬರೆಯೋದು ಅದೇ.

ಜನರೇಟರ್ ಊಹೆ ಮಾಡಂಗಿಲ್ಲ. ಬರೆದದ್ದನ್ನ ಇಳಿಸ್ತದ, ಅಷ್ಟೇ. ಇವತ್ತು ಓಡಿಸಿದ್ರೂ ನಾಳಿ ಓಡಿಸಿದ್ರೂ ಅದೇ ಸ್ಪೆಕ್‌ಗೆ ಅದೇ ಫೈಲ್. ಲೆಕ್ಕದ ಕೆಲಸಕ್ಕ ಬೇಕಾದದ್ದು ಈ ಗುಣ.

ಎಐ ಬಳಸಬ್ಯಾಡ್ರಿ ಅಂತ ನಾ ಹೇಳ್ತಿಲ್ಲ. ಸ್ಪೆಕ್ ಬರೆಯಲಿಕ್ಕ ಸಹಾಯ ತಗೋರಿ, ಪೇಜ್ ಬರೆಯಲಿಕ್ಕ ತಗೋರಿ. ಅದು ಬರೆದ ಕೋಡ್‌ನಾಗಿನ ತಪ್ಪು ಹಿಡಿಯಲಿಕ್ಕೂ ಹುಟ್ಟಿಸಿದ ಟೈಪೇ ಬೇಕು. ಬರೆಯೋದು ಹಗುರಾದಷ್ಟು ತಾಳೆ ನೋಡೋದು ಬಿಗಿ ಆಗಬೇಕು.

ಭಾಗ 7/10

ಬಿಕಾಂನವರೇ, ಈ ಭಾಗ ನಮ್ಮದು.

ಜರ್ನಲ್‌ನಾಗ ಎಂಟ್ರಿ ಬರೀತೀವಿ, ಅಲ್ಲಿಂದ ಲೆಡ್ಜರ್‌ಗೆ ಪೋಸ್ಟ್ ಮಾಡ್ತೀವಿ, ಅಲ್ಲಿಂದ ಟ್ರಯಲ್ ಬ್ಯಾಲೆನ್ಸ್. ಲೆಡ್ಜರ್‌ನಾಗ ತಪ್ಪು ಕಂಡ್ರ ಏನ್ ಮಾಡ್ತೀರಿ? ಅಳಿಸಿ ಮ್ಯಾಲ ಬರೀತೀರೇನು? ಮೊದಲ ವರ್ಷದಾಗೇ ಕಲಿಸ್ಯಾರ: ರೆಕ್ಟಿಫಿಕೇಶನ್ ಎಂಟ್ರಿ ಹಾಕಬೇಕು, ಮೂಲದಿಂದ ಬರಬೇಕು.

ಸ್ಪೆಕ್ ಅಂದ್ರ ಜರ್ನಲ್. ಹುಟ್ಟಿಸಿದ ಟೈಪ್ ಫೈಲ್ ಅಂದ್ರ ಲೆಡ್ಜರ್. ಅದಕ್ಕೇ ಆ ಫೈಲ್ ಕೈಯಿಂದ ಮುಟ್ಟಂಗಿಲ್ಲ. ಟೈಪ್ ತಪ್ಪಿದ್ರ ಸ್ಪೆಕ್ ತಿದ್ದಿ ಮತ್ತ ಹುಟ್ಟಿಸ್ರಿ. ಮುಟ್ಟಿದ್ರ ಮುಂದಿನ ಸಲ ಓಡಿಸಿದಾಗ ನಿಮ್ಮ ತಿದ್ದುಪಡಿ ಅಳಿಸಿ ಹೋಗ್ತದ, ಹೋಗಬೇಕು ಕೂಡ.

ಇನ್ನ ಟೈಪ್‌ಸ್ಕ್ರಿಪ್ಟ್‌ನಾಗ ‘ಎನಿ’ ಅಂತ ಒಂದು ಟೈಪ್ ಅದ. ಅದನ್ನ ಹಚ್ಚಿದ್ರ ಯಾವ ಪ್ರಶ್ನೆನೂ ಇಲ್ಲ, ಎಲ್ಲಾ ಕೆಂಪು ಗೆರಿ ಮಾಯ. ಯೂಟ್ಯೂಬ್ ನೋಡಿ ಕಲಿತವರು ಸಿಕ್ಕಾಪಟ್ಟೆ ಬಳಸ್ತಾರ. ನಾನೂ ಬಳಸಿದ್ದೆ. ದೋಸ್ತರೇ, ಅದು ಸಸ್ಪೆನ್ಸ್ ಅಕೌಂಟ್. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ವ್ಯತ್ಯಾಸ ತಗೊಂಡು ಹೋಗಿ ಅಲ್ಲಿಡ್ತೀವಲ್ಲ, ಅದೇ. ತಾತ್ಕಾಲಿಕ ಅಂತ ಇಡ್ತೀವಿ. ಸಸ್ಪೆನ್ಸ್ ಮ್ಯಾಲೇ ವ್ಯಾಪಾರ ನಡಸೋರನ್ನ ಯಾರೂ ಲೆಕ್ಕದವರು ಅನ್ನಂಗಿಲ್ಲ.

ಅಣ್ಣ ಇನ್ನೊಂದು ಕಟ್ಟುಪಾಡು ಹಾಕ್ಯಾನ. ಗಿಟ್‌ಹಬ್‌ಗೆ ಕೋಡ್ ಹಾಕಿದ ಕೂಡಲೆ ಅಲ್ಲೇ ಜನರೇಟರ್ ಮತ್ತೊಮ್ಮೆ ಓಡ್ತದ. ಹುಟ್ಟಿದ ಫೈಲೂ ನಾವು ಇಟ್ಟ ಫೈಲೂ ಒಂದೇ ಇರದಿದ್ರ ಕೋಡ್ ಮುಂದ ಹೋಗಂಗಿಲ್ಲ. ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಮಾಡ್ತೀವಲ್ಲ, ಹಂಗ. ಅದು ತಿಂಗಳಿಗೊಮ್ಮೆ, ಇದು ದಿನಾ.

ಈ ಮಾತು ಇಂಜಿನಿಯರಿಂಗ್ ದೋಸ್ತಗ ತಿಳಿಸಲಿಕ್ಕ ಅರ್ಧ ತಾಸು ಬೇಕಾತು. ನಿಮಗ ಅರ್ಧ ನಿಮಿಷ ಸಾಕಾತು. ಯಾರದು ಹೆಚ್ಚು?

ಭಾಗ 8/10

ಎದುರು ವಾದಿಸೋರು ಹೇಳೋ ಮಾತಿನಾಗ ಸತ್ಯ ಇರೋದನ್ನ ನಾ ಮುಚ್ಚಿಡಂಗಿಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆದ ಮಾತ್ರಕ್ಕ ಲೆಕ್ಕ ಸರಿ ಅಂತಲ್ಲ. ಎರರ್ ಆಫ್ ಪ್ರಿನ್ಸಿಪಲ್ ಇದ್ರ ಗೊತ್ತಾಗಲ್ಲ, ಎಂಟ್ರಿನೇ ಬಿಟ್ಟಿದ್ರ ಗೊತ್ತಾಗಲ್ಲ. ಹಂಗೇ ಹುಟ್ಟಿಸಿದ ಟೈಪ್‌ಗೂ ಮಿತಿ ಅದಾವ.

ಒಂದು. ಸ್ಪೆಕ್ ತಪ್ಪಿದ್ರ ಟೈಪೂ ತಪ್ಪು. ಮೂಲದಾಗ ಅಳತಿ ಯಾವುದಂತ ಬರೀದಿದ್ರ ‘5’ ಅಂದ್ರ 5 ಕೆಜಿನೋ 5 ಕ್ವಿಂಟಲ್ಲೋ, ಟೈಪ್‌ಗೆ ಎರಡೂ ಒಂದೇ ಸಂಖ್ಯೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಾಗ ಮಂಗಳದ ಹತ್ರ ಹೋಗಿ ನಾಶ ಆಗಿದ್ದು ಯಾಕ? ಭೂಮಿ ಮ್ಯಾಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಾಗ ಅಂಕಿ ಕೊಟ್ಟಿತು, ಸ್ಪೆಕ್ ಕೇಳಿದ್ದು ನ್ಯೂಟನ್ ಲೆಕ್ಕ. ಸ್ಪೆಕ್ ಇತ್ತು, ಅದನ್ನ ಯಾರೂ ತಾಳೆ ನೋಡಲಿಲ್ಲ. ನಮ್ಮ ಸ್ಪೆಕ್‌ನಾಗ ಈಗ ಅಳತಿ ಕಡ್ಡಾಯ ಖಾನೆ.

ಎರಡು. ಟೈಪ್‌ಸ್ಕ್ರಿಪ್ಟ್ ಟೈಪ್‌ಗಳು ಪೇಜ್ ಓಡೋವಾಗ ಇರಂಗಿಲ್ಲ, ಅಳಿಸಿ ಹೋಗ್ತಾವ. ಸರ್ವರ್ ಸ್ಪೆಕ್ ಬಿಟ್ಟು ಬ್ಯಾರೆ ಏನಾರ ಕಳಿಸಿದ್ರ ತಡಿಯೋರಿಲ್ಲ. ಎಚ್‌ಎಸ್‌ಎನ್‌ಗೆ ಕನಿಷ್ಠ 4 ಅಕ್ಷರ ಅಂತ ಅಣ್ಣ ಸ್ಪೆಕ್‌ನಾಗ ಬರೆದಿದ್ದ, ಸರ್ವರ್‌ನಾಗ ತಪಾಸಣೆ ಹಾಕಿರಲಿಲ್ಲ. ಅದಕ್ಕೇ ನನ್ನ 713 ಒಳಗ ಹೋಗಿ ಕೂತಿತು. 46 ಬಿಲ್‌ನಾಗ ಅವನ ಪಾಲೂ ಅದ, ಒಪ್ಪಿಕೊಂಡಾನ. ಟೈಪ್ ಜೋಡಿ ಓಡೋವಾಗಿನ ತಪಾಸಣೆನೂ ಬೇಕು. ಅದನ್ನೂ ಅದೇ ಸ್ಪೆಕ್‌ನಿಂದ ಹುಟ್ಟಿಸಬಹುದು.

ಮೂರು. ‘ಇಫ್’ ಒಳಗ ನೇರವಾಗಿ ಅಕ್ಷರ ಹಾಕಿದ್ರ ಟೈಪ್‌ಸ್ಕ್ರಿಪ್ಟ್ ತಾನಾಗಿ ಬೈಯಂಗಿಲ್ಲ. ನಮ್ಮ ‘ಎನ್’ ಅಲ್ಲಿಂದ ನುಸುಳಬಹುದು. ಅದಕ್ಕ ಲಿಂಟ್ ನಿಯಮ ಬ್ಯಾರೆ ಹಾಕಬೇಕು.

ಇಷ್ಟೆಲ್ಲಾ ಮಿತಿ ಅದಾವ, ಹಿಂಗಾಗಿ ಬ್ಯಾಡ ಅಂತೀರಾ? ಟ್ರಯಲ್ ಬ್ಯಾಲೆನ್ಸ್ ಎಲ್ಲಾ ತಪ್ಪು ಹಿಡಿಯಲ್ಲ ಅಂತ ಟ್ರಯಲ್ ಬ್ಯಾಲೆನ್ಸ್ ಮಾಡೋದು ಬಿಟ್ಟವರನ್ನ ಒಬ್ಬರನ್ನ ತೋರಸ್ರಿ.

ಭಾಗ 9/10

“ಸಣ್ಣ ಪ್ರಾಜೆಕ್ಟ್‌ಗೆ ಇದೆಲ್ಲಾ ಜಾಸ್ತಿ ಆತು.”

ನನಗ ಸಿಟ್ಟು ಬರೋದು ಈ ಮಾತಿಗೇ. ದೊಡ್ಡ ಕಂಪನಿ ತಪ್ಪು ಮಾಡಿದ್ರ ಹತ್ತು ಮಂದಿ ಟೆಸ್ಟರ್ ಅದಾರ, ಸಹಾಯವಾಣಿ ಅದ, ವಕೀಲರು ಅದಾರ. ನಮ್ಮ ಕಾಕಾಗ ಯಾರದಾರ? ನಾ ಒಬ್ಬಾಕಿ. ಅದೂ ಪರೀಕ್ಷೆ ಇದ್ದಾಗ ಫೋನ್ ಎತ್ತದಾಕಿ. ನೋಡ್ಲಿಕ್ಕ ಮಂದಿ ಕಡಿಮಿ ಇದ್ದಷ್ಟು ಯಂತ್ರ ಜಾಸ್ತಿ ನೋಡಬೇಕು. ಸಣ್ಣದಕ್ಕೇ ಇದು ಹೆಚ್ಚು ಬೇಕು.

ಐದು ಕೋಟಿ ದಾಟಿದ ಬ್ಯಾಳಿ ಮಿಲ್ಲಿನ ಬಿಲ್ ಅಂತ ಇಟ್ಕೋರಿ. 25 ಕೆಜಿ ಒಳಗಿನ ಲೇಬಲ್ ಹಚ್ಚಿದ ಪ್ಯಾಕೆಟ್ ಬ್ಯಾಳಿಗೆ 2022ರ ಜುಲೈ 18ರಿಂದ ಜಿಎಸ್‌ಟಿ ಅದ. ಜೇಸನ್‌ನಾಗ ಒಂದು ಖಾನೆ ತಪ್ಪಿದ್ರ ಐಆರ್‌ಎನ್ ಬರಂಗಿಲ್ಲ. ಐಆರ್‌ಎನ್ ಇಲ್ಲದ ಬಿಲ್ ನಿಯಮದ ಪ್ರಕಾರ ಬಿಲ್ಲೇ ಅಲ್ಲ, ಕೊಂಡವನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕಷ್ಟ. ಲಾರಿ ಲೋಡ್ ಆಗಿ ನಿಂತಿರ್ತದ, ಡ್ರೈವರ್ ಚಹಾ ಕುಡಕೋತ ಕೂತಿರ್ತಾನ, ಒಳಗ ಕಂಪ್ಯೂಟರ್ ಮುಂದ ಕೂತವರು ಬೆವರ್ತಿರ್ತಾರ. ಹಂಗ ಕೂತವರು ಯಾರು? ಮುಂದಿನ ವರ್ಷ ನಾವೇ, ಬಿಕಾಂ ಮುಗಿಸಿದವರು.

“ಗುಲ್ಬರ್ಗಾ ತೊಗರಿಬ್ಯಾಳಿ”ಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ನಮ್ಮ ಯಾದಗಿರಿ 2009ರ ಕೊನೀಗೆ ಅದೇ ಜಿಲ್ಲೆಯಿಂದ ಒಡೆದು ಬಂದದ್ದು. ಹೆಸರು, ರುಚಿ, ಟ್ಯಾಗ್ ಎಲ್ಲಾ ಇದ್ದೂ ಬಿಲ್‌ನಾಗ ಸೊನ್ನೆ ಬಿದ್ದು ಹೋದ್ರ ಮಾಲು ಗೋದಾಮಿನಾಗೇ.

ಇನ್ನೊಂದು ಮಾತು. ಸ್ಪೆಕ್‌ನಾಗಿನ ಖಾನೆಗಳ ಅರ್ಥ ಯಾರಿಗೆ ಗೊತ್ತು? ಪ್ಲೇಸ್ ಆಫ್ ಸಪ್ಲೈ ಅಂದ್ರ ಏನು, ರೌಂಡ್ ಆಫ್ ಯಾವಾಗ, ಕ್ರೆಡಿಟ್ ನೋಟ್ ಯಾಕ, ಇವನ್ನ ಓದಿದವರು ನಾವು. ಕೋಡ್ ಬರೆಯೋ ಹುಡುಗನಿಗೆ 0713 ಬರೇ ನಾಲ್ಕು ಅಂಕಿ. ನಮಗ ಅದು 07ನೇ ಅಧ್ಯಾಯದ 13ನೇ ಶೀರ್ಷಿಕೆ. ಅದು ಸಂಖ್ಯೆ ಅಲ್ಲ, ವಿಳಾಸ ಅಂತ ಹೇಳಬೇಕಾದವರು ನಾವು. ಸ್ಪೆಕ್ ಬರೆಯೋ ಟೇಬಲ್ ಮುಂದ ನಮಗ ಕುರ್ಚಿ ಅದ. ನಾವೇ ಹೋಗಿ ಕೂಡ್ತಿಲ್ಲ.

ಭಾಗ 10/10

ಕೊನೇ ಭಾಗ. ಇಷ್ಟು ದೂರ ಬಂದವರಿಗೆ ಶರಣು.

ಮೂರು ಬೇಡಿಕೆ ಇಡ್ತೀನಿ, ಮೂರೇ ಗುಂಪಿಗೆ.

ಪೇಜ್ ಬರೆಯೋ ದೋಸ್ತರಿಗೆ: ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟ್ ತೆಗೀರಿ. ಕೈಯಿಂದ ಬರೆದ ಟೈಪ್ ಫೈಲ್ ಹುಡುಕ್ರಿ. ಸ್ಪೆಕ್ ಇದ್ರ ಕಮಾಂಡ್ ಓಡಿಸ್ರಿ, ಕೆಂಪು ಎಷ್ಟು ಬಿತ್ತು ಎಣಸ್ರಿ. ಒಂದೂ ಬೀಳಲಿಲ್ಲಾಂದ್ರ ನೀವು ನನಗಿಂತ ಹುಷಾರ್, ಬಂದು ಬೈದು ಹೋಗ್ರಿ. ಸ್ಪೆಕ್ ಇಲ್ಲಾಂದ್ರ ಸರ್ವರ್ ಬರೆಯೋರನ್ನ ಕೇಳ್ರಿ. “ಫೋನ್‌ನಾಗ ಹೇಳ್ತೀನಿ, ಬರಕೋ” ಅಂದ್ರ ಒಪ್ಪಬ್ಯಾಡ್ರಿ. ಬಾಯಿಮಾತಿನ ಲೆಕ್ಕ ನಮ್ಮ ಅಜ್ಜನ ಕಾಲಕ್ಕೇ ಮುಗೀತು.

ಸೇವೆ ಕೊಡೋ ಕಚೇರಿಗಳಿಗೆ, ಕಂಪನಿಗಳಿಗೆ: ಇ-ಇನ್‌ವಾಯ್ಸ್ ಸ್ಕೀಮಾ ಬಹಿರಂಗ ಇರೋದ್ರಿಂದಲೇ ರಂಗಂಪೇಟೆದಾಗ ಕೂತು ನನ್ನಂಥಾಕಿ ಓದಲಿಕ್ಕಾತು. ಹಂಗೇ ಯಾರ ಎಪಿಐ ಮಂದಿ ಬಳಸಬೇಕೋ ಅವರು ಯಂತ್ರ ಓದೋ ಸ್ಪೆಕ್ ಕೊಡಬೇಕು. ಪಿಡಿಎಫ್‌ನಾಗ ಟೇಬಲ್ ಅಂಟಿಸಿ ಕೊಡೋದು ಸ್ಪೆಕ್ ಅಲ್ಲ. ಅದನ್ನ ನೋಡಿ ಮತ್ತ ಕೈಯಿಂದಲೇ ಇಳಿಸಬೇಕು, ಮತ್ತ ಸೊನ್ನೆ ಬೀಳ್ತದ.

ನನ್ನ ಕ್ಲಾಸ್‌ಮೇಟ್‌ಗಳಿಗೆ: ಟ್ಯಾಲಿ ಕಲೀರಿ, ಎಕ್ಸೆಲ್ ಕಲೀರಿ, ಜೋಡಿಗೆ ಒಂದು ಸ್ಕೀಮಾ ಓದೋದೂ ಕಲೀರಿ. ಕೋಡಿಂಗ್ ಬರಬೇಕಂತಿಲ್ಲ. ಈ ಖಾನೆ ಕಡ್ಡಾಯನಾ, ಸಂಖ್ಯೆನಾ, ಎಷ್ಟು ಅಕ್ಷರ, ಇಷ್ಟು ಕೇಳೋದು ಬಂದ್ರ ಸಾಕು. ಮುಂದಿನ ಶನಿವಾರ ಮಧ್ಯಾಹ್ನ ನಾ ನಮ್ಮ ಮನಿ ಕಟ್ಟಿ ಮ್ಯಾಲ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರ್ತೀನಿ. ಕ್ಲಾಸ್‌ನವರು ಯಾರು ಬೇಕಾದ್ರೂ ಬರ್ರಿ, ಹಾಟ್‌ಸ್ಪಾಟ್ ನನ್ನದು, ಚುರುಮುರಿ ನಿಮ್ಮದು.

ಕಾಕಾ ಹಳೇ ಬಿಲ್‌ಬುಕ್ ಇನ್ನಾ ಗಲ್ಲೆ ಕೆಳಗೇ ಇಟ್ಟಾರ. ನನ್ನ ಮ್ಯಾಲ ಪೂರಾ ಭರವಸಿ ಬಂದಿಲ್ಲ, ಬರಬೇಕಂತ ನಾನೂ ಕೇಳಂಗಿಲ್ಲ. ಹೋದ ವಾರ ಬಿಲ್ ನೋಡಿ, ಬೆರಳು 0713 ಮ್ಯಾಲಿಟ್ಟು, “ಈಗ ಸೊನ್ನಿ ನಿಂತದ ನೋಡು” ಅಂದ್ರು. ಕೊನೇ ಫೋಟೋ ಅದೇ ಬಿಲ್. ಬಾಜೂಕ ‘ಸರಕು’ ಅಂತನೇ ಅದ.

ಒಪ್ಪಲ್ಲಾಂದ್ರ ಕೆಳಗ ಬರೀರಿ, ಜಗಳಾಡೋಣ. ಒಪ್ಪಿದ್ರ ಟೈಪ್‌ಸ್ಕ್ರಿಪ್ಟ್ ಕಲಿಯೋ ಒಬ್ಬ ದೋಸ್ತಗ ಕಳಸ್ರಿ.

#ರಂಗಂಪೇಟೆ #ಸುರಪುರ #ಯಾದಗಿರಿ #ಬಿಕಾಂ #ಜಿಎಸ್‌ಟಿ #ಓಪನ್‌ಎಪಿಐ #ಟೈಪ್‌ಸ್ಕ್ರಿಪ್ಟ್ #ತೊಗರಿಬ್ಯಾಳಿ